ದೊಡ್ಡವರ ಧರ್ಮೋಪದೇಶ ತರಗತಿ: ಬೆಂಗಳೂರಿನ ಚರ್ಚುಗಳಲ್ಲಿ ಏನು ಸಿಗುತ್ತದೆ, ಎಲ್ಲಿ ಎಡವುತ್ತದೆ

ಕಥೋಲಿಕ ವಿಶ್ವಾಸದ ಬಗ್ಗೆ ಸರಿಯಾಗಿ ತಿಳಿಯಬೇಕು, ಮನಸ್ಸು ಒಪ್ಪಿದರೆ ಜ್ಞಾನಸ್ನಾನ (ಬ್ಯಾಪ್ಟಿಸಮ್) ಪಡೆಯಬೇಕು ಅನ್ನುವ ದೊಡ್ಡವರಿಗೆ ಬೆಂಗಳೂರಿನ ಚರ್ಚುಗಳಲ್ಲಿ ಒಂದು ವ್ಯವಸ್ಥೆ ಇದೆ. ಚರ್ಚಿನ ಆಫೀಸಿನಲ್ಲಿ ಅದನ್ನು ಆರ್.ಸಿ.ಐ.ಎ. (ರೈಟ್ ಆಫ್ ಕ್ರಿಶ್ಚಿಯನ್ ಇನಿಶಿಯೇಶನ್ ಆಫ್ ಅಡಲ್ಟ್ಸ್) ಅನ್ನುತ್ತಾರೆ. ಕನ್ನಡದಲ್ಲಿ ‘ದೊಡ್ಡವರ ಧರ್ಮೋಪದೇಶ’ ಅಂದರೂ ಅರ್ಥವಾಗುತ್ತದೆ. ವಾರಕ್ಕೊಂದು ತರಗತಿ, ಪ್ರತಿ ಭಾನುವಾರ ಬಲಿಪೂಜೆ (ಮಾಸ್), ಪೂರ್ತಿ ಸುತ್ತಿಗೆ ಸುಮಾರು ಒಂದು ವರ್ಷ. ಶುಲ್ಕ ಇಲ್ಲ. ಯಾರಾದರೂ ಶುಲ್ಕ ಕೇಳಿದರೂ, ಅಥವಾ ಸೇರಿದರೆ ಇಂಥದ್ದು ಕೊಡುತ್ತೇವೆ ಅಂದರೂ, ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ತೀರ್ಪು ಮೊದಲೇ ಹೇಳಿಬಿಡುವುದು ಮೇಲು. ಈ ಸೇವೆಯ ಜೀವಾಳ ಭಾನುವಾರದ ಪೂಜೆಯ ನಡುವೆ ಎಲ್ಲರ ಮುಂದೆ ನಡೆಯುವ ವಿಧಿಗಳಲ್ಲಿದೆ. ಅವುಗಳನ್ನು ಕ್ರಮವಾಗಿ ನಡೆಸುವ ಧರ್ಮಕೇಂದ್ರ (ಪ್ಯಾರಿಷ್) ಸಿಕ್ಕರೆ ಪಾಠ ಕೊಂಚ ಸಪ್ಪೆಯಾದರೂ ನಡೆದೀತು. ಪಾಠ ಎಷ್ಟೇ ಚೆನ್ನಾಗಿರಲಿ, ವಿಧಿಗಳನ್ನು ಹಾರಿಸಿದರೆ ಅರ್ಧ ಊಟ ಬಡಿಸಿ ಎಲೆ ಎತ್ತಿದ ಹಾಗೆ. ಇಂದಿನ ರೂಪದ ಈ ವಿಧಿಗ್ರಂಥವನ್ನು ರೋಮ್ ಹೊರಡಿಸಿದ್ದು 1972ರ ಜನವರಿ 6ರಂದು. ಆದಿಸಭೆಯಲ್ಲಿ, ಅಂದರೆ ಮೊದಲ ಕಾಲದ ಕ್ರೈಸ್ತ ಸಮುದಾಯದಲ್ಲಿ, ದೀಕ್ಷಾರ್ಥಿಗಳನ್ನು (ಜ್ಞಾನಸ್ನಾನಕ್ಕೆ ಸಿದ್ಧರಾಗುತ್ತಿರುವವರನ್ನು) ಹಂತಹಂತವಾಗಿ ಒಳಗೆ ಕರೆದುಕೊಳ್ಳುತ್ತಿದ್ದ ಪದ್ಧತಿಯನ್ನೇ ಅದು ಮತ್ತೆ ಎತ್ತಿ ಹಿಡಿಯಿತು. ಆ ಗ್ರಂಥ ಹೇಳುವುದು ಒಂದು ಪ್ರಯಾಣವನ್ನು. ಕೆಲವು ಕಡೆ ಅದನ್ನು ಟ್ಯೂಷನ್ ಮಟ್ಟಕ್ಕೆ ಇಳಿಸಿದ್ದಾರೆ. ದೂರುಗಳ ಬೇರು ಹೆಚ್ಚಾಗಿ ಇಲ್ಲೇ ಇದೆ.

ಚರ್ಚು ಆರಿಸುವಾಗಲೇ ಮೊದಲ ತಪ್ಪು ಆಗುತ್ತದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ, ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರದ ನೊವೇನ ಪ್ರಾರ್ಥನೆಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಆ ಭಕ್ತಿಯ ಹಾದಿಯಲ್ಲೇ ಬಂದವರು ಅಲ್ಲಿಯೇ ಹೆಸರು ಬರೆಸೋಣ ಅಂದುಕೊಳ್ಳುವುದು ಸಹಜ. ಆದರೆ ಜನಜಂಗುಳಿಯ ಪುಣ್ಯಕ್ಷೇತ್ರದಲ್ಲಿ ಒಬ್ಬ ಹೊಸಬ ಮೂರು ಭಾನುವಾರ ಬರಲಿಲ್ಲ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ. ಮನೆಗೆ ಹತ್ತಿರದ ಧರ್ಮಕೇಂದ್ರವೇ ಸರಿ. ಧರ್ಮಸಭೆಯ ಕಾನೂನಿನ ಪ್ರಕಾರವೂ ಧರ್ಮಕೇಂದ್ರಗಳಿಗೆ ಗಡಿ ಇದೆ, ನಿಮ್ಮ ಬೀದಿ ಯಾವುದೋ ಒಂದು ಚರ್ಚಿಗೆ ಸೇರಿರುತ್ತದೆ. ಒಂದು ವರ್ಷ ಮಾತ್ರವಲ್ಲ, ಆಮೇಲೂ ಪ್ರತಿ ಭಾನುವಾರ ಹೋಗಬೇಕಾದ ಜಾಗ ಅದು. ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಚರ್ಚನ್ನು ಆರಿಸಿಕೊಂಡವರು ಮಳೆಗಾಲ ಬರುತ್ತಿದ್ದ ಹಾಗೆ ತಪ್ಪಿಸಲು ಶುರುಮಾಡುತ್ತಾರೆ.

ಎರಡನೆಯದು ಭಾಷೆ. ಈ ನಗರದಲ್ಲಿ ಪೂಜೆ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳಗಳಲ್ಲಿ ನಡೆಯುತ್ತದೆ. ಎಷ್ಟೋ ಕಡೆ ಕನ್ನಡ ಪೂಜೆಗೆ ಒಂದೇ ಹೊತ್ತು, ಆರ್.ಸಿ.ಐ.ಎ. ತರಗತಿ ಮಾತ್ರ ಇಂಗ್ಲಿಷಿನಲ್ಲಿ. ಈ ಸೇವೆಯ ದೊಡ್ಡ ಕೊರತೆ ಇದೇ, ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವವರು ದೇವರ ವಿಷಯವನ್ನು ಇಂಗ್ಲಿಷಿನಲ್ಲಿ ಕಲಿತರೆ ಪಾಠ ತಲೆಯಲ್ಲಿ ಉಳಿಯುತ್ತದೆ, ಪ್ರಾರ್ಥನೆ ನಾಲಿಗೆಗೆ ಬರುವುದಿಲ್ಲ. ಇಬ್ಬರು ಮೂವರಾದರೂ ಸೇರಿ ‘ನಮಗೆ ಕನ್ನಡದಲ್ಲೇ ಬೇಕು ಫಾದರ್’ ಎಂದು ಕೇಳಿ. ಕನ್ನಡ ಬಲ್ಲ ಸಿಸ್ಟರೋ ಧರ್ಮೋಪದೇಶಕರೋ ಆ ಧರ್ಮಕೇಂದ್ರದಲ್ಲಿ ಇದ್ದೇ ಇರುತ್ತಾರೆ, ಕೇಳುವವರು ಇಲ್ಲವೆಂದು ತರಗತಿ ಇರುವುದಿಲ್ಲ ಅಷ್ಟೆ.

ಕನ್ನಡದಲ್ಲಿ ಕಲಿಯುವುದರಿಂದ ಇನ್ನೊಂದು ಲಾಭ ಇದೆ, ಅದಕ್ಕೆ ಅಂಟಿಕೊಂಡ ಅಪಾಯವೂ ಇದೆ. ಸಭೆಯ ಕನ್ನಡ ಪದಗಳಲ್ಲಿ ಹಲವು ನಮ್ಮ ಸುತ್ತಮುತ್ತಲ ಭಕ್ತಿಯಿಂದ ಬಂದವು. ಪೂಜೆಯಲ್ಲಿ ಪವಿತ್ರಗೊಳಿಸಿ ಹಂಚುವ ರೊಟ್ಟಿಗೆ ಹೇಳುವ ‘ಪರಮಪ್ರಸಾದ’ ಎಂಬ ಪದವನ್ನೇ ತೆಗೆದುಕೊಳ್ಳಿ. ದೇವಸ್ಥಾನದಲ್ಲಿ ಮಂಗಳಾರತಿ ಆದ ಮೇಲೆ ಕೈ ಚಾಚಿದವರಿಗೆಲ್ಲ ಪ್ರಸಾದ ಸಿಗುತ್ತದೆ, ಬೇಡ ಅನ್ನುವುದು ಅಪಚಾರ. ಆ ಅಭ್ಯಾಸದಲ್ಲೇ ಹೊಸಬರು ಇಲ್ಲಿಯೂ ಸಾಲಿನಲ್ಲಿ ನಿಂತುಬಿಡುತ್ತಾರೆ. ಬಲಗೈ ಚಾಚಿ ತೆಗೆದುಕೊಂಡು, ಮನೆಯಲ್ಲಿರುವ ಅಮ್ಮನಿಗೂ ಇರಲಿ ಎಂದು ಕರವಸ್ತ್ರದಲ್ಲಿ ಕಟ್ಟಿಕೊಳ್ಳುವವರೂ ಉಂಟು. ಅವರ ಮನಸ್ಸಿನಲ್ಲಿ ಇರುವುದು ಭಕ್ತಿಯೇ. ಆದರೆ ಕಥೋಲಿಕರ ಪಾಲಿಗೆ ಅದು ಕ್ರಿಸ್ತರ ಶರೀರವೇ. ಜ್ಞಾನಸ್ನಾನವಾಗಿ ಸಭೆಯೊಡನೆ ಪೂರ್ಣ ಐಕ್ಯದಲ್ಲಿ ಇರುವವರು ಮಾತ್ರ ಸ್ವೀಕರಿಸಬೇಕು. ಕೈಯಲ್ಲಿ ತೆಗೆದುಕೊಳ್ಳುವವರು ಎಡಗೈಯನ್ನು ಬಲಗೈ ಮೇಲಿಟ್ಟು ಸ್ವೀಕರಿಸಿ, ಅಲ್ಲಿಯೇ, ಗುರುಗಳ (ಫಾದರ್) ಮುಂದೆಯೇ ಸೇವಿಸಬೇಕು. ಈ ಒಂದು ವಿಷಯವನ್ನು ಮೊದಲ ದಿನದ ತರಗತಿಯಲ್ಲಿ ಹೇಳದ ಧರ್ಮೋಪದೇಶಕರು ಕೆಲಸ ಕೆಡಿಸುತ್ತಾರೆ. ಯಾಕೆಂದರೆ ಸಾಲಿನಿಂದ ವಾಪಸ್ ಕಳಿಸಿಕೊಂಡ ಹೊಸಬರು ಅವಮಾನವಾಯಿತೆಂದು ಮತ್ತೆ ಬರುವುದೇ ಇಲ್ಲ. ಜ್ಞಾನಸ್ನಾನ ಆಗುವ ತನಕ ಆ ಹೊತ್ತಿನಲ್ಲಿ ಬೆಂಚಿನಲ್ಲೇ ಕುಳಿತು ಪ್ರಾರ್ಥಿಸಿ. ಪಕ್ಕದವರು ಏಳುವಾಗ ದಾರಿ ಬಿಟ್ಟರೆ ಸಾಕು.

‘ಅವತಾರ’ ಎಂಬ ಮಾತೂ ಹಾಗೆಯೇ. ದಶಾವತಾರ ಕೇಳಿ ಬೆಳೆದವರಿಗೆ ಯೇಸುಸ್ವಾಮಿ ಹನ್ನೊಂದನೆಯವರು ಅನ್ನಿಸುವುದು ಸುಲಭ. ಸಭೆ ಹೇಳುವುದು ಬೇರೆ: ದೇವರ ಮಗ ಒಂದೇ ಸಲ ಪೂರ್ಣ ಮನುಷ್ಯರಾದರು, ಹಸಿವು ನೋವು ಸಾವು ಎಲ್ಲವನ್ನೂ ನಿಜವಾಗಿ ಅನುಭವಿಸಿದರು, ಆ ಮನುಷ್ಯತ್ವವನ್ನು ಮತ್ತೆಂದೂ ಕಳಚಲಿಲ್ಲ. ಪುನರ್ಜನ್ಮಕ್ಕೂ ಪುನರುತ್ಥಾನಕ್ಕೂ ಇರುವ ವ್ಯತ್ಯಾಸ, ಮರಿಯಮ್ಮನವರಿಗೆ ಸಲ್ಲಿಸುವ ಗೌರವಕ್ಕೂ ದೇವರೊಬ್ಬರಿಗೇ ಸಲ್ಲುವ ಆರಾಧನೆಗೂ ಇರುವ ವ್ಯತ್ಯಾಸ, ಇವುಗಳಿಗೆ ಒಂದೊಂದು ತರಗತಿಯನ್ನಾದರೂ ಮೀಸಲಿಡಬೇಕು. ಚರ್ಚಿನೊಳಗೆ ಬಂದ ಹೊಸಬರ ಕಣ್ಣು ಮೊದಲು ಹೂವಿನ ಹಾರ ಹಾಕಿದ ಪ್ರತಿಮೆಯ ಕಡೆಗೇ ಹೋಗುತ್ತದೆ. ಪೀಠದ ಹಿಂದೆಯೋ ಪಕ್ಕದಲ್ಲೋ ಇರುವ ಸಣ್ಣ ಪೆಟ್ಟಿಗೆ, ಅದರ ಬಳಿ ಸದಾ ಉರಿಯುವ ದೀಪ, ಇವು ಕಣ್ಣಿಗೆ ಬೀಳುವುದೇ ಇಲ್ಲ. ಪರಮಪ್ರಸಾದ ಇರಿಸಿರುವುದು ಆ ಪೆಟ್ಟಿಗೆಯಲ್ಲಿ. ಬಲ ಮೊಣಕಾಲೂರಿ ವಂದಿಸುವುದು ಅದಕ್ಕೆ. ಒಳ್ಳೆಯ ಉಪದೇಶಕರು ಎರಡನೆಯ ವಾರದಲ್ಲೇ ಎಲ್ಲರನ್ನೂ ಖಾಲಿ ಚರ್ಚಿಗೆ ಕರೆದುಕೊಂಡು ಹೋಗಿ ಜ್ಞಾನಸ್ನಾನದ ತೊಟ್ಟಿ, ವಾಚನ ಪೀಠ, ಬಲಿಪೀಠ, ಆ ದೀಪ ಒಂದೊಂದನ್ನೂ ತೋರಿಸುತ್ತಾರೆ. ಕೋಣೆಯಲ್ಲಿ ಒಂದು ಗಂಟೆ ಮಾತಾಡುವುದಕ್ಕಿಂತ ಇದು ಮೇಲು.

ಕೈ ಜೋಡಿಸಿ ನಮಸ್ಕರಿಸುವುದು, ನೆಲದ ಮೇಲೆ ಕೂರುವುದು, ಆರತಿ ಎತ್ತುವುದು, ಇವನ್ನೆಲ್ಲ ಬಿಟ್ಟು ಬರಬೇಕೇ ಎಂದು ಕೇಳುವವರಿದ್ದಾರೆ. ಬೇಕಿಲ್ಲ. ಭಾರತದ ಪೂಜಾವಿಧಿಗೆ ಇಂಥ 12 ಅಂಶಗಳನ್ನು ರೋಮ್ 1969ರಲ್ಲೇ ಒಪ್ಪಿದೆ. ಅದಕ್ಕಾಗಿ ದುಡಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅವರು 1967ರಲ್ಲಿ ಕಟ್ಟಿದ ಎನ್.ಬಿ.ಸಿ.ಎಲ್.ಸಿ. ಸಂಸ್ಥೆ ಇದೇ ಊರಿನ ಹಚಿನ್ಸ್ ರಸ್ತೆಯಲ್ಲಿದೆ. ಬೈಬಲ್, ಧರ್ಮೋಪದೇಶ, ಪೂಜಾವಿಧಿ ಮೂರಕ್ಕೂ ರಾಷ್ಟ್ರಮಟ್ಟದ ಕೇಂದ್ರ ಅದು. ಅದರ ಆವರಣದ ಭಾರತೀಯ ಶೈಲಿಯ ಪ್ರಾರ್ಥನಾಲಯವನ್ನು ಹೊಸಬರು ಒಮ್ಮೆ ನೋಡಬೇಕು.

ಇನ್ನು ಕ್ಯಾಲೆಂಡರ್. 2027ರ ಪಾಸ್ಖ ಹಬ್ಬ (ಈಸ್ಟರ್) ಮಾರ್ಚ್ 28ಕ್ಕೆ, ಅಂದರೆ ದೊಡ್ಡವರಿಗೆ ಜ್ಞಾನಸ್ನಾನ ಕೊಡುವ ಜಾಗರಣೆಯ ಪೂಜೆ 27ರ ಶನಿವಾರ ರಾತ್ರಿ. ಅದರಿಂದ ಹಿಂದಕ್ಕೆ ಎಣಿಸಿ. ಹಬ್ಬಕ್ಕೆ ಮುಂಚಿನ ಸುಮಾರು ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಫೆಬ್ರವರಿ 10. ತಪಸ್ಸುಕಾಲದ ಮೊದಲ ಭಾನುವಾರ ಫೆಬ್ರವರಿ 14. ಆ ವರ್ಷ ಜ್ಞಾನಸ್ನಾನ ಪಡೆಯುವವರ ಹೆಸರು ಆಯ್ಕೆಯಾಗುವ ವಿಧಿ ಆ ಹೊತ್ತಿಗೆ. ಮೂರು, ನಾಲ್ಕು, ಐದನೆಯ ಭಾನುವಾರ ಪರಿಶೋಧನೆಯ ವಿಧಿಗಳು, ಅಂದರೆ ದೀಕ್ಷಾರ್ಥಿಗಳ ಮನಶ್ಶುದ್ಧಿಗಾಗಿ ಪ್ರಾರ್ಥಿಸುವ ವಿಧಿಗಳು: ಫೆಬ್ರವರಿ 28, ಮಾರ್ಚ್ 7, ಮಾರ್ಚ್ 14. ಇದಕ್ಕೆಲ್ಲ ಮೊದಲು ದೀಕ್ಷಾರ್ಥಿಯಾಗಿ ಸ್ವೀಕರಿಸುವ ವಿಧಿ ಆಗಿರಬೇಕು, ಅದಕ್ಕೂ ಮೊದಲು ಕೆಲವು ತಿಂಗಳ ಬರೀ ವಿಚಾರಣೆಯ ಕಾಲ ಇರಬೇಕು. ಹಾಗಾಗಿ ಹಿಂದಿನ ಮಳೆಗಾಲದಲ್ಲೇ ಫಾದರ್ ಅವರನ್ನು ಕಂಡು ಮಾತಾಡಿರಬೇಕು. ಜನವರಿಯಲ್ಲಿ ಹೋಗಿ ಮಾರ್ಚಿಗೆ ಜ್ಞಾನಸ್ನಾನ ಕೊಡಿ ಅಂದರೆ ಒಳ್ಳೆಯ ಗುರುಗಳು ಒಪ್ಪುವುದಿಲ್ಲ, ಒಪ್ಪಿದವರ ಬಗ್ಗೆ ಯೋಚಿಸಬೇಕಾಗುತ್ತದೆ.

ವಿಚಾರಣೆಯ ಕಾಲದಲ್ಲಿ ಯಾವ ಕಟ್ಟುಪಾಡೂ ಇಲ್ಲ. ಬರಬಹುದು, ಪ್ರಶ್ನೆ ಕೇಳಬಹುದು, ಸಾಕೆನಿಸಿದರೆ ನಿಲ್ಲಿಸಬಹುದು. ನಿಲ್ಲಿಸಿದವರನ್ನು ಯಾರೂ ಬೆನ್ನಟ್ಟಬಾರದು. ಸ್ವೀಕಾರ ವಿಧಿಯಿಂದ ಮುಂದೆ ಹೊಣೆ ಶುರು. ಅದು ನಡೆಯುವ ಬಗೆ ಇದು. ದೀಕ್ಷಾರ್ಥಿಗಳು ಚರ್ಚಿನ ಬಾಗಿಲ ಹೊರಗೆ ನಿಂತಿರುತ್ತಾರೆ. ಗುರುಗಳು ಬಾಗಿಲಿಗೇ ಬಂದು ಹೆಸರು ಕೇಳುತ್ತಾರೆ, ಆಮೇಲೆ ದೇವರ ಸಭೆಯಿಂದ ಏನನ್ನು ಬಯಸುತ್ತೀರಿ ಎಂದು ಕೇಳುತ್ತಾರೆ. ಉತ್ತರ: ವಿಶ್ವಾಸ. ಆ ವಿಶ್ವಾಸದಿಂದ ನಿಮಗೆ ಸಿಗುವುದೇನು? ನಿತ್ಯಜೀವ. ಆಮೇಲೆ ಹಣೆಯ ಮೇಲೆ ಶಿಲುಬೆಯ ಗುರುತು. ಬೇಕೆಂದರೆ ಅದು ಮುಂದುವರಿದು ಕಿವಿ, ಕಣ್ಣು, ತುಟಿ, ಎದೆ, ಭುಜಗಳ ಮೇಲೂ ಬರುತ್ತದೆ. ಪ್ರಾಯೋಜಕರು, ಅಂದರೆ ದೀಕ್ಷಾರ್ಥಿಯ ಜೊತೆಗೆ ನಿಲ್ಲುವ ಕಥೋಲಿಕರು, ತಮ್ಮ ಬೆರಳಿನಿಂದ ಆ ಗುರುತು ಹಾಕುತ್ತಾರೆ: ಕಿವಿ ದೇವರ ಮಾತು ಕೇಳಲಿ, ಭುಜ ಕ್ರಿಸ್ತರ ನೊಗ ಹೊರಲಿ. ಇಡೀ ಚರ್ಚು ನೋಡುತ್ತಿರುತ್ತದೆ. ಇದನ್ನು ಆಫೀಸಿನ ಕೋಣೆಯಲ್ಲಿ ಐದು ನಿಮಿಷದಲ್ಲಿ ಮುಗಿಸುವ ಕಡೆ ದೀಕ್ಷಾರ್ಥಿಯ ಹೆಸರು ಆ ಊರಿನ ಕ್ರೈಸ್ತರಿಗೇ ಗೊತ್ತಾಗುವುದಿಲ್ಲ. ಗೊತ್ತಿಲ್ಲದವರಿಗಾಗಿ ಯಾರು ಪ್ರಾರ್ಥಿಸುತ್ತಾರೆ, ಭಾನುವಾರ ಪೂಜೆ ಮುಗಿದ ಮೇಲೆ ಯಾರು ಮಾತಾಡಿಸುತ್ತಾರೆ? ಸೇರುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ ಆದರೂ ಸಾಕು: ‘ಈ ವಿಧಿ ಭಾನುವಾರದ ಪೂಜೆಯಲ್ಲಿ ನಡೆಯುತ್ತದೆಯೇ?’

ಪರಿಶೋಧನೆಯ ಮೂರು ಭಾನುವಾರಗಳಿಗೆ ನಿಗದಿಯಾದ ಶುಭಸಂದೇಶಗಳು ಯೊವಾನ್ನನವು: ಬಾವಿಯ ಬಳಿಯ ಸಮಾರಿಯದ ಹೆಂಗಸು, ಹುಟ್ಟುಕುರುಡ, ಸತ್ತು ನಾಲ್ಕು ದಿನವಾಗಿದ್ದ ಲಾಜರ. ನೀರು, ಬೆಳಕು, ಜೀವ. ಇಲ್ಲಿ ಒಂದು ಸೂಕ್ಷ್ಮ ಇದೆ. ಭಾನುವಾರದ ವಾಚನಗಳು ಮೂರು ವರ್ಷದ ಸರದಿಯಲ್ಲಿ ತಿರುಗುತ್ತವೆ, ಈ ಮೂರು ವಾಚನ ಎ ವರ್ಷದವು. 2027 ಬಿ ವರ್ಷ. ಆದರೂ ದೀಕ್ಷಾರ್ಥಿಗಳು ಇರುವ ಪೂಜೆಯಲ್ಲಿ ಎ ವರ್ಷದ ವಾಚನಗಳನ್ನೇ ಓದಬೇಕು. ಆಫೀಸಿನವರು ಮರೆತಿದ್ದರೆ ನಿಮ್ಮ ಉಪದೇಶಕರ ಮೂಲಕ ವಿನಯದಿಂದ ಮೊದಲೇ ನೆನಪಿಸಿ. ಆ ದಿನ ಬೇರೆ ವಾಚನ ಓದಿಬಿಟ್ಟರೆ ವಿಧಿಯ ಪ್ರಾರ್ಥನೆಗೂ ಕೇಳಿದ ಕಥೆಗೂ ತಾಳೆಯಾಗುವುದಿಲ್ಲ.

ತರಗತಿಗೆ ಏನು ಓದಬೇಕು? ಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥ 1992ರದ್ದು, 2865 ಪರಿಚ್ಛೇದ. ವಿಶ್ವಾಸ ಪ್ರಮಾಣ, ಸಂಸ್ಕಾರಗಳು, ಕ್ರಿಸ್ತರಲ್ಲಿ ಬದುಕು, ಪ್ರಾರ್ಥನೆ ಎಂದು ನಾಲ್ಕು ಭಾಗ. ಮೊದಲ ಪುಟದಿಂದ ಓದಲು ಕೂತರೆ ಎರಡನೇ ವಾರಕ್ಕೆ ಸುಸ್ತಾಗುತ್ತದೆ. ಸಂದೇಹ ಬಂದಾಗ ತೆರೆಯುವ ಪುಸ್ತಕ ಅದು. ಕಲಿಯುವವರಿಗೆ 2005ರ ಸಂಕ್ಷಿಪ್ತ ಆವೃತ್ತಿ ಅನುಕೂಲ, 598 ಪ್ರಶ್ನೋತ್ತರ. ದಿನಕ್ಕೆ ಐದರಂತೆ ಮೆಟ್ರೊದಲ್ಲಿ ಓದಿದರೂ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಯುವಜನರಿಗೆಂದು 2011ರಲ್ಲಿ ಬಂದ ಯೂಕ್ಯಾಟ್ 527 ಪ್ರಶ್ನೆಗಳದ್ದು, ಭಾಷೆ ಹಗುರ, ಆಳ ಕಡಿಮೆ. ಕಾಲೇಜು ಹುಡುಗರಿಗೆ ಸರಿ.

ಬೈಬಲ್ ಕೊಳ್ಳುವಾಗ ಎಚ್ಚರ ಬೇಕು. ಕಥೋಲಿಕ ಬೈಬಲಿನಲ್ಲಿ 73 ಗ್ರಂಥ, ಹಳೆಯ ಒಡಂಬಡಿಕೆಯಲ್ಲಿ 46, ಹೊಸದರಲ್ಲಿ 27. ಪ್ರಾಟೆಸ್ಟೆಂಟ್ ಆವೃತ್ತಿಯಲ್ಲಿ 66. ಅಂಗಡಿಯಲ್ಲೇ ಪರಿವಿಡಿ ತೆರೆದು ತೊಬೀತ, ಮಕ್ಕಬಿಯರು ಇವೆಯೇ ನೋಡಿ. ಶೈಲಿಯಿಂದಲೂ ಗುರುತಿಸಬಹುದು: ‘ಯೋಹಾನನ ಸುವಾರ್ತೆ’ ಎಂದಿದ್ದರೆ ಅದು ಹಳೆಯ ಸತ್ಯವೇದ, ‘ಯೊವಾನ್ನನ ಶುಭಸಂದೇಶ’ ಎಂದಿದ್ದರೆ ಚರ್ಚಿನಲ್ಲಿ ನೀವು ಕೇಳುವ ಅನುವಾದ. ಸತ್ಯವೇದದ ಕನ್ನಡ ಗಂಭೀರವಾಗಿದೆ, ಓದಲು ಅಡ್ಡಿಯಿಲ್ಲ. ಆದರೆ ತರಗತಿಯಲ್ಲಿ ಹೆಸರುಗಳೇ ಬೇರೆಯಾಗಿ ಪುಟ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಬರೀ ಪ್ರಶ್ನೋತ್ತರ ಉರು ಹೊಡೆಸುವ ತರಗತಿ ದುರ್ಬಲ. ಮಕ್ಕಳ ಧರ್ಮೋಪದೇಶದ ಪುಸ್ತಕವನ್ನೇ ದೊಡ್ಡವರ ಕೈಗೆ ಕೊಡುವುದು ಇನ್ನೂ ದುರ್ಬಲ. ನೋವು ಯಾಕೆ ಇದೆ, ಬೇರೆ ಧರ್ಮದಲ್ಲಿ ಬದುಕಿ ತೀರಿಕೊಂಡ ನಮ್ಮ ಅಜ್ಜಿಯ ಗತಿ ಏನು ಎಂದು ನಲವತ್ತು ದಾಟಿದವರು ಕೇಳುತ್ತಾರೆ. ಸಭೆಗೆ ಇದಕ್ಕೆ ಉತ್ತರ ಇದೆ: ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಅರಸಿದವರಿಗೂ ರಕ್ಷಣೆ ಸಾಧ್ಯ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಹೇಳಿದೆ. ಇದನ್ನು ಹೇಳಲು ತಿಳಿಯದ ಉಪದೇಶಕರು ಗುರುಗಳನ್ನು ಕರೆಯಬೇಕು, ಪ್ರಶ್ನೆಯನ್ನು ತಳ್ಳಿಹಾಕಬಾರದು.

ಕಾಗದಪತ್ರದಲ್ಲಿ ಎಡವುವುದು ಮದುವೆಯ ವಿಷಯದಲ್ಲಿ. ವಿಚ್ಛೇದನವಾಗಿ ಒಂಟಿಯಾಗಿ ಇರುವವರಿಗೆ ಜ್ಞಾನಸ್ನಾನಕ್ಕೆ ತಡೆಯಿಲ್ಲ. ವಿಚ್ಛೇದನದ ನಂತರ ಮರುಮದುವೆ ಆಗಿದ್ದರೆ, ಅಥವಾ ನಿಮ್ಮ ಸಂಗಾತಿಗೆ ಅದು ಎರಡನೆಯ ಮದುವೆಯಾಗಿದ್ದರೆ, ಮೊದಲ ಮದುವೆಯ ವಿಚಾರ ಧರ್ಮಸಭೆಯ ಕಾನೂನಿನಲ್ಲಿ ಇತ್ಯರ್ಥವಾಗಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮೊದಲ ತಿಂಗಳಲ್ಲೇ ಏಕಾಂತದಲ್ಲಿ ಇದನ್ನು ಕೇಳುವ ಗುರುಗಳು ಉಪಕಾರ ಮಾಡುತ್ತಾರೆ. ಯಾರೂ ಕೇಳದೆ ತಪಸ್ಸುಕಾಲದಲ್ಲಿ ವಿಷಯ ಹೊರಬಂದರೆ ಜೊತೆಯವರೆಲ್ಲ ಮುಂದೆ ಹೋಗುತ್ತಾರೆ, ಇವರೊಬ್ಬರು ಉಳಿದುಬಿಡುತ್ತಾರೆ. ಕೇಳದಿದ್ದರೂ ನೀವೇ ಹೇಳಿ. ಇನ್ನು ಕಥೋಲಿಕರನ್ನು ಮದುವೆಯಾಗಲು ಮತಾಂತರ ಆಗಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಧರ್ಮಾಧ್ಯಕ್ಷರ (ಬಿಷಪ್) ವಿನಾಯಿತಿ ಪಡೆದು, ನೀವು ನಿಮ್ಮ ಧರ್ಮದಲ್ಲೇ ಇದ್ದು ಚರ್ಚಿನಲ್ಲಿ ಮದುವೆಯಾಗಬಹುದು. ಮದುವೆಯೊಂದೇ ಕಾರಣವಾಗಿದ್ದರೆ ಆ ದಾರಿಯೇ ಪ್ರಾಮಾಣಿಕ.

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮುಂತಾದ ಪ್ರಾಟೆಸ್ಟೆಂಟ್ ಸಭೆಗಳಿಂದ ಬರುವವರಿಗೆ ಈ ಇಡೀ ಸುತ್ತು ಬೇಕಿಲ್ಲ. ನೀರಿನಿಂದ, ಪಿತ ಸುತ ಪವಿತ್ರಾತ್ಮರ ನಾಮದಲ್ಲಿ ಆಗಿರುವ ಜ್ಞಾನಸ್ನಾನವನ್ನು ಕಥೋಲಿಕ ಸಭೆ ಮತ್ತೆ ಕೊಡುವುದಿಲ್ಲ; ಪ್ರಮಾಣಪತ್ರ ತನ್ನಿ, ಸಿದ್ಧತೆ ಮಾಡಿಕೊಳ್ಳಿ, ಪಾಪನಿವೇದನೆ (ಗುರುಗಳ ಬಳಿ ಪಾಪ ಒಪ್ಪಿಕೊಳ್ಳುವುದು) ಮಾಡಿ, ವಿಶ್ವಾಸ ಪ್ರಮಾಣ ಹೇಳಿ ಸೇರುವುದು. ‘ಯೇಸುವಿನ ನಾಮದಲ್ಲಿ’ ಎಂದಷ್ಟೇ ಹೇಳಿ ಕೊಟ್ಟಿದ್ದರೆ ಅದು ಸಿಂಧುವಲ್ಲ. ಎಂದೂ ಜ್ಞಾನಸ್ನಾನ ಆಗದವರಿಗೆ ಅದಕ್ಕೆ ಮೊದಲು ಪಾಪನಿವೇದನೆ ಇರುವುದಿಲ್ಲ, ಆ ನೀರೇ ಎಲ್ಲ ಪಾಪವನ್ನೂ ತೊಳೆಯುತ್ತದೆ. ಗೊತ್ತಿಲ್ಲದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದನ್ನು ನೋಡಬಹುದು. ಸಂಗಾತಿ ಸಿರೊ ಮಲಬಾರ್ ಸಭೆಯವರಾಗಿದ್ದರೆ (ಕೇರಳ ಮೂಲದ, ಪೂರ್ವದ ವಿಧಿ ಪಾಲಿಸುವ ಕಥೋಲಿಕರು) ಇನ್ನೊಂದು ಮಾತು: 14 ತುಂಬಿದ ಮೇಲೆ ಜ್ಞಾನಸ್ನಾನ ಪಡೆಯುವವರು ಲತೀನ್ ಸಭೆಯೋ ಪೂರ್ವದ ಸಭೆಯೋ ಎಂದು ತಾವೇ ಆರಿಸಬಹುದು. ಆಮೇಲೆ ಬದಲಿಸುವುದು ಸಲೀಸಲ್ಲ, ಆದ್ದರಿಂದ ಮೊದಲೇ ಮಾತಾಡಿ.

ಜ್ಞಾನತಂದೆ ಅಥವಾ ಜ್ಞಾನತಾಯಿ ಒಬ್ಬರು ಸಾಕು. ಇಬ್ಬರಿದ್ದರೆ ಒಬ್ಬರು ಗಂಡು, ಒಬ್ಬರು ಹೆಣ್ಣು. 16 ತುಂಬಿರಬೇಕು, ದೃಢೀಕರಣ (ಕನ್ಫರ್ಮೇಶನ್, ತೈಲ ಹಚ್ಚಿ ವಿಶ್ವಾಸ ಗಟ್ಟಿಗೊಳಿಸುವ ಸಂಸ್ಕಾರ) ಆದ ಕಥೋಲಿಕರಾಗಿರಬೇಕು, ನಿಮ್ಮ ಹೆತ್ತವರಾಗಿರಬಾರದು. ಊರಿಗೆ ಹೊಸಬರಾದ ಟೆಕ್ಕಿಗಳಿಗೆ ಪರಿಚಯದ ಕಥೋಲಿಕರೇ ಇರುವುದಿಲ್ಲ, ಕೊನೆಯ ವಾರ ಯಾರನ್ನೋ ನಿಲ್ಲಿಸುತ್ತಾರೆ, ಹಬ್ಬದ ಮರುದಿನ ಅವರ ಫೋನ್ ನಂಬರೂ ಇರುವುದಿಲ್ಲ. ನಿಮ್ಮ ಬೀದಿಯ ಕಿರು ಕ್ರೈಸ್ತ ಸಮುದಾಯದ ತಿಂಗಳ ಪ್ರಾರ್ಥನೆಗೆ ಮೂರು ನಾಲ್ಕು ಸಲ ಹೋಗಿ. ಅಲ್ಲಿ ಸಿಗುವವರು ನೆರೆಮನೆಯವರು, ಬಿಟ್ಟುಹೋಗುವುದಿಲ್ಲ.

ಸರ್ಕಾರದ ಕಡೆಯ ವಿಷಯಗಳನ್ನು ಚರ್ಚಿನ ಆಫೀಸಿನಲ್ಲಿ ಅರ್ಧಂಬರ್ಧ ಹೇಳುವುದೇ ಹೆಚ್ಚು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಮತಾಂತರವಾಗುವವರು ಕನಿಷ್ಠ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಮೂನೆ 1ರಲ್ಲಿ ಘೋಷಣೆ ಕೊಡಬೇಕು, ವಿಧಿ ನಡೆಸುವವರೂ ಮುಂಚಿತವಾಗಿ ತಿಳಿಸಬೇಕು ಎಂದಿತು. ಅದನ್ನು ಹಿಂಪಡೆಯಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ನಿಮ್ಮ ದಿನಾಂಕಕ್ಕೆ ಯಾವ ನಿಯಮ ಅನ್ವಯ ಎಂದು ವಕೀಲರಿಂದ ಬರೆಸಿಕೊಂಡೇ ಹೆಜ್ಜೆ ಇಡಿ. ಮಾರ್ಚ್ 27ರ ರಾತ್ರಿಗೆ 30 ದಿನ ಹಿಂದೆಂದರೆ ಫೆಬ್ರವರಿ 25. ಹೆಸರು ಆಯ್ಕೆಯ ಭಾನುವಾರ ಮುಗಿದ ಕೂಡಲೇ ಈ ಕೆಲಸಕ್ಕೆ ಕೈ ಹಾಕಿದರೆ ಸರಿಹೋಗುತ್ತದೆ. ಪರಿಶಿಷ್ಟ ಜಾತಿಯವರು ಮುಖ್ಯವಾಗಿ ತಿಳಿಯಬೇಕಾದದ್ದು: 1950ರ ರಾಷ್ಟ್ರಪತಿ ಆದೇಶದಂತೆ ಆ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ, ಕ್ರೈಸ್ತರಾದವರಿಗೆ ಆ ಮೀಸಲಾತಿ ಉಳಿಯುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಈ ಷರತ್ತಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಸಂಗಾತಿಯ ಮತಾಂತರ ವಿಚ್ಛೇದನಕ್ಕೆ ಒಂದು ಕಾರಣ. ಪಿತ್ರಾರ್ಜಿತದ ಹಕ್ಕು ನಿಮಗೆ ಹೋಗುವುದಿಲ್ಲ, ಆದರೆ ಮತಾಂತರದ ನಂತರ ಹುಟ್ಟಿದ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿಯಲ್ಲಿ ಉತ್ತರಾಧಿಕಾರ ಇರುವುದಿಲ್ಲ. ಇವನ್ನು ಮೊದಲೇ ಹೇಳಿದರೆ ಜನ ಹಿಂದೆ ಸರಿಯುತ್ತಾರೆಂಬ ಅಂಜಿಕೆ ಕೆಲವು ಉಪದೇಶಕರಿಗೆ ಇದೆ. ಸರಿಯುವವರು ಸರಿಯಲಿ. ತಿಳಿದು ಬರುವುದು ಅವರ ಹಕ್ಕು, ತಿಳಿಸುವುದು ಸಭೆಯ ಕರ್ತವ್ಯ.

ಹೆಸರು ಬದಲಿಸಬೇಕಿಲ್ಲ. ಮಂಜುಳಾ ಮಂಜುಳಾ ಆಗಿಯೇ ಜ್ಞಾನಸ್ನಾನ ಪಡೆಯಬಹುದು. ಸಂತರೊಬ್ಬರ ಹೆಸರು ಸೇರಿಸಿಕೊಂಡರೂ ಅದು ಚರ್ಚಿನ ದಾಖಲೆಯಲ್ಲಿ ಇರುತ್ತದೆ, ಆಧಾರ್, ಅಂಕಪಟ್ಟಿಗಳನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ.

ಜಾಗರಣೆಯ ರಾತ್ರಿಗೆ ಬರೋಣ, ಈ ಸೇವೆ ತನ್ನ ಪೂರ್ತಿ ಶಕ್ತಿ ತೋರಿಸುವುದು ಅಂದು. ಕತ್ತಲಾದ ಮೇಲೆ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸುತ್ತಾರೆ. ದೊಡ್ಡ ಪಾಸ್ಖ ಮೇಣದಬತ್ತಿಯ ಮೇಲೆ ಶಿಲುಬೆ, ಆಲ್ಫಾ, ಒಮೆಗಾ, ಆ ವರ್ಷದ ನಾಲ್ಕು ಅಂಕಿ. ಐದು ಗಾಯಗಳಿಗೆ ಐದು ಧೂಪದ ಕಾಳು. ಆ ಒಂದು ಜ್ವಾಲೆಯಿಂದ ಕತ್ತಲ ಚರ್ಚಿನೊಳಗೆ ಬತ್ತಿಯಿಂದ ಬತ್ತಿಗೆ ಬೆಳಕು ಹರಡುತ್ತದೆ. ಹಳೆಯ ಒಡಂಬಡಿಕೆಯ ಏಳು ವಾಚನಗಳಿವೆ. ಕಡಿಮೆ ಮಾಡಿದರೂ ಮೂರಕ್ಕಿಂತ ಇಳಿಸುವಂತಿಲ್ಲ, ಮೋಶೆ ಕಡಲು ಸೀಳಿದ ವಾಚನವನ್ನು ಬಿಡುವಂತೆಯೇ ಇಲ್ಲ. ಪ್ರಬೋಧನೆ ಆದ ಮೇಲೆ ಸಂತರ ಪ್ರಾರ್ಥನಾಮಾಲೆ, ನೀರಿನ ಆಶೀರ್ವಾದ. ಸೈತಾನನನ್ನು ತ್ಯಜಿಸುತ್ತೀರಾ, ವಿಶ್ವಾಸಿಸುತ್ತೀರಾ ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರೂ ಗಟ್ಟಿಯಾಗಿ ಉತ್ತರಿಸಬೇಕು. ಆಮೇಲೆ ತಲೆಯ ಮೇಲೆ ಮೂರು ಸಲ ನೀರು, ಬಿಳಿ ವಸ್ತ್ರ, ಪಾಸ್ಖ ಬತ್ತಿಯಿಂದ ಹೊತ್ತಿಸಿದ ದೀಪ. ಕೂಡಲೇ ದೃಢೀಕರಣಕ್ಕಾಗಿ ಹಣೆಗೆ ಕ್ರಿಸ್ಮ ತೈಲ. ಎಣ್ಣೆಗೆ ಪರಿಮಳದ ಬಾಲ್ಸಮ್ ಬೆರೆಸಿ ಧರ್ಮಾಧ್ಯಕ್ಷರು ಪವಿತ್ರಗೊಳಿಸಿದ್ದು ಅದು.

ಎರಡು ಮೂರು ಗಂಟೆ ಹಿಡಿಯುವುದರಿಂದ ಏಳು ಗಂಟೆಗೇ ಸ್ವಲ್ಪ ತಿಂದುಕೊಳ್ಳಿ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿನ ಉಪವಾಸ ಸಾಕು, ನೀರು ಔಷಧಿಗೆ ತಡೆಯಿಲ್ಲ. ನೀರು ಬೆನ್ನಿಗೂ ಇಳಿಯುತ್ತದೆ, ಜ್ಞಾನತಾಯಿಯ ಕೈಯಲ್ಲಿ ಹತ್ತಿಯ ಟವೆಲ್ ಇರಲಿ. ಹಣೆಗೆ ತೈಲ ಹಚ್ಚುವುದರಿಂದ ಅಂದು ಸ್ಟಿಕ್ಕರ್ ಬೊಟ್ಟು ಬೇಡ. ಹಚ್ಚಿದ ತೈಲವನ್ನು ಅಭ್ಯಾಸಬಲದಿಂದ ಒರೆಸಿಕೊಳ್ಳಬೇಡಿ. ಮೇಣ ಕೈಮೇಲೆ ಸುರಿಯದಂತೆ ಬತ್ತಿಗೆ ಕಾಗದದ ಲೋಟ ಚುಚ್ಚಿಕೊಳ್ಳಿ.

ಒಂದು ಮುಖ್ಯ ದೂರು. ಜ್ಞಾನಸ್ನಾನ ಮಾತ್ರ ಕೊಟ್ಟು, ದೃಢೀಕರಣಕ್ಕೆ ಮುಂದಿನ ವರ್ಷ ಮಕ್ಕಳ ಜೊತೆ ಬನ್ನಿ ಅನ್ನುವವರಿದ್ದಾರೆ. ದೊಡ್ಡವರಿಗೆ ಜ್ಞಾನಸ್ನಾನ ಕೊಡುವ ಗುರುಗಳಿಗೆ ಅದೇ ಪೂಜೆಯಲ್ಲಿ ದೃಢೀಕರಣ ಕೊಡುವ ಅಧಿಕಾರವನ್ನು ಸಭೆಯ ಕಾನೂನೇ ಕೊಟ್ಟಿದೆ. ಗಂಭೀರ ಕಾರಣ ಇಲ್ಲದಿದ್ದರೆ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಮೂರು ಸಂಸ್ಕಾರಗಳನ್ನೂ ಒಟ್ಟಿಗೇ ಕೊಡಬೇಕು. ಕಾನೂನಿನ 866 ಮತ್ತು 883ನೇ ನಿಯಮ ನೋಡಿ ಫಾದರ್ ಎಂದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಬ್ಬ ಮುಗಿದ ಮೇಲಿನ ಏಳು ವಾರ, 2027ರಲ್ಲಿ ಮೇ 16ರ ಪೆಂತೆಕೋಸ್ತ್ ಹಬ್ಬದವರೆಗೆ, ತರಗತಿ ಮುಂದುವರಿಯಬೇಕು. ಬಹಳ ಕಡೆ ಇದು ನಿಂತುಹೋಗುತ್ತದೆ, ಬಂದವರಲ್ಲಿ ಕೆಲವರು ಅಲ್ಲಿಯೇ ಕಳೆದುಹೋಗುತ್ತಾರೆ. ಮೊದಲ ಸಲ ಪಾಪನಿವೇದನೆಗೆ ಹೋಗುವುದು ಹೇಗೆ, ಮನೆಯಲ್ಲಿ ಹಬ್ಬಕ್ಕೆ ಎಡೆ ಇಟ್ಟಾಗ ಏನು ಮಾಡುವುದು, ಅಪ್ಪನ ತಿಥಿಗೆ ಹೋಗಬಹುದೇ, ಇಂಥ ನಿಜವಾದ ಪ್ರಶ್ನೆಗಳು ಏಳುವುದು ಆಗಲೇ. ಮೌನ ಬೇಕೆನಿಸಿದರೆ ಮೈಸೂರು ರಸ್ತೆಯ ಕುಂಬಳಗೋಡು ಬಳಿಯ ಆಶೀರ್ವನಂ ಬೆನೆಡಿಕ್ಟೀನ್ ಆಶ್ರಮಕ್ಕೆ ಒಮ್ಮೆ ಹೋಗಿಬನ್ನಿ, ಫೋನ್ ಮಾಡಿ ವಿಚಾರಿಸಿಕೊಂಡು.

ಆ ವಾರಗಳಲ್ಲೇ ಆಫೀಸಿಗೆ ಹೋಗಿ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ನಿಮ್ಮ ಸಾಲನ್ನು ಕಣ್ಣಾರೆ ನೋಡಿ. ಹೆಸರಿನ ಅಕ್ಷರ, ಹುಟ್ಟಿದ ದಿನ, ಹೆತ್ತವರ ಹೆಸರು, ಜ್ಞಾನತಂದೆ ತಾಯಿಯ ಹೆಸರು, ದೃಢೀಕರಣದ ದಿನಾಂಕ ಆರ್.ಸಿ.ಐ.ಎ. ಪಟ್ಟಿಯಿಂದ ಅವಸರದಲ್ಲಿ ನಕಲಾಗಿರುತ್ತವೆ, ತಪ್ಪುಗಳು ಅಲ್ಲಿಯೇ ನುಸುಳುತ್ತವೆ. ಮುಂದೆ ಮದುವೆಯಾದಾಗ ಅದೇ ಸಾಲಿನ ಪಕ್ಕದ ಅಂಚಿನಲ್ಲಿ ಆ ವಿವರ ಬರೆಯುತ್ತಾರೆ. ಬೇರೆ ಊರಿಗೆ ಹೋದರೂ ಪ್ರಮಾಣಪತ್ರ ಕೇಳಬೇಕಾದದ್ದು ಇದೇ ಚರ್ಚಿನಿಂದ. ಆದ್ದರಿಂದ ಪುಸ್ತಕದ ಸಂಪುಟ, ಪುಟ, ಸಾಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.